ಆಳಾಗಿ ದುಡಿ, ಅರಸನಾಗಿ ಉಣ್ಣು: ಒಂದೇ ದಿನದ ಎರಡು ಮಾತು

ಧಾರವಾಡದ ಸಪ್ತಾಪುರದಲ್ಲಿ ನನ್ನ ತಂಗಿಯ ಮಗಳು ಹಿಡಿದಿರುವ ಬಾಡಿಗೆ ಕೋಣೆಯ ಗೋಡೆಯ ಮೇಲೆ ಈ ಗಾದೆ ಇದೆ. ಬಿಳಿ ಹಾಳೆ, ನೀಲಿ ಸ್ಕೆಚ್ ಪೆನ್ನು, ‘ಅರಸನಾಗಿ’ ಎಂಬುದರ ಕೆಳಗೆ ಎರಡು ಗೆರೆ. ಪಕ್ಕದಲ್ಲಿ ಕರ್ನಾಟಕದ ನಕ್ಷೆ, ಸಂವಿಧಾನದ ವಿಧಿಗಳ ಪಟ್ಟಿ. ಅವಳು ಕೆಎಎಸ್‌ಗೆ ಓದುತ್ತಿದ್ದಾಳೆ. ಹೋದ ಸಲ ನಾನು ಹೋದಾಗ ಖಾನಾವಳಿಯ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಳು. ಎಡಗೈಯಲ್ಲಿ ಮೊಬೈಲು, ಅದರಲ್ಲಿ ಪ್ರಚಲಿತ ವಿದ್ಯಮಾನಗಳ ವಿಡಿಯೋ. ಬಲಗೈ ತನ್ನ ಪಾಡಿಗೆ ರೊಟ್ಟಿ ಮುರಿಯುತ್ತಿತ್ತು. ಪಲ್ಯ ಯಾವುದೆಂದು ಕೇಳಿದೆ. ಅರ್ಧ ಊಟ ಮುಗಿದಿತ್ತು, ಆದರೂ ಬಗ್ಗಿ ನೋಡಿ ಹೇಳಬೇಕಾಯಿತು.

“ಹೊತ್ತು ಎಲ್ಲಿ ಐತಿ ಮಾಮಾ? ಉಣ್ಣೂವಷ್ಟರಾಗ ಒಂದು ವಿಡಿಯೋ ಮುಗೀತೈತಿ” ಅಂದಳು.

ಗೋಡೆಯ ಮೇಲಿನ ಗಾದೆಯನ್ನೂ ತಟ್ಟೆಯ ಮುಂದಿನ ಹುಡುಗಿಯನ್ನೂ ಒಟ್ಟಿಗೆ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು: ನಾವು ಈ ಗಾದೆಯನ್ನು ತಪ್ಪಾಗಿ ಓದುತ್ತಿದ್ದೇವೆ.

ನಾವು ಓದುವ ರೀತಿ ಹೀಗೆ: ಈಗ ನಾಲ್ಕೈದು ವರ್ಷ ಆಳಾಗಿ ದುಡಿ, ಆಮೇಲೆ ಉಪವಿಭಾಗಾಧಿಕಾರಿಯೋ ತಹಶೀಲ್ದಾರನೋ ಡಿವೈಎಸ್ಪಿಯೋ ಆಗಿ ಜೀವನಪೂರ್ತಿ ಅರಸನಾಗಿ ಉಣ್ಣು. ಕಷ್ಟ ಮೊದಲು, ಸುಖ ಆಮೇಲೆ. ಆದರೆ ಗಾದೆಯಲ್ಲಿ ‘ಮೊದಲು’ ಎಂಬ ಮಾತೂ ಇಲ್ಲ, ‘ಆಮೇಲೆ’ ಎಂಬ ಮಾತೂ ಇಲ್ಲ. ಇರುವುದು ನಾಲ್ಕೇ ಮಾತು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಬೇಕು.

ಮೊದಲ ಮಾತು ‘ಆಳಾಗಿ’. ಆಳಿನ ಹಾಗೆ ಅಲ್ಲ, ಆಳಾಗಿಯೇ. ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ಒಬ್ಬ ಸಂಬಳದಾಳು ಇದ್ದರು. ನಾವು ಮಕ್ಕಳು ಕಾಕಾ ಅನ್ನುತ್ತಿದ್ದೆವು. ಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಅವರು ಹೊಲದ ಕೊನೆಯನ್ನು ನೋಡುತ್ತಿರಲಿಲ್ಲ, ತಮ್ಮ ಮುಂದಿನ ಸಾಲನ್ನು ನೋಡುತ್ತಿದ್ದರು. ಹೊತ್ತು ಮುಳುಗುವಾಗ ಸಾಲು ಎಲ್ಲಿಗೆ ನಿಂತಿದೆಯೋ ಅಲ್ಲಿ ಬದುವಿನ ಮೇಲೆ ಒಂದು ಕಲ್ಲಿಟ್ಟು ಏಳುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, “ನಾಳಿಗೆ ಎಲ್ಲಿಂದ ಅನ್ನೂದನ್ನ ನಾಳಿ ಮುಂಜಾನೆ ಹುಡುಕಬಾರದು ತಮ್ಮಾ” ಅಂದಿದ್ದರು.

ಸ್ಪರ್ಧಾತ್ಮಕ ಪರೀಕ್ಷೆಯ ಪಠ್ಯಕ್ರಮವೂ ಕೊನೆ ಕಾಣದ ಹೊಲವೇ. ಪೂರ್ವಭಾವಿ ಪರೀಕ್ಷೆಗೆ ಎರಡು ಪತ್ರಿಕೆ, ಒಂದೊಂದಕ್ಕೂ ನೂರು ಪ್ರಶ್ನೆ, ಇನ್ನೂರು ಅಂಕ. ಅದು ದಾಟಿದರೆ ಮುಖ್ಯ ಪರೀಕ್ಷೆ: ಪ್ರಬಂಧ ಒಂದು, ಸಾಮಾನ್ಯ ಅಧ್ಯಯನ ನಾಲ್ಕು, ಪ್ರತಿಯೊಂದಕ್ಕೂ 250ರಂತೆ ಒಟ್ಟು 1250 ಅಂಕ. ಕದಂಬರಿಂದ ಹಿಡಿದು ಕೃಷ್ಣಾ ನದಿ ನೀರಿನ ಹಂಚಿಕೆಯವರೆಗೆ, ಮಣ್ಣಿನ ಬಗೆಗಳಿಂದ ಬಾಹ್ಯಾಕಾಶದವರೆಗೆ ಏನು ಬೇಕಾದರೂ ಬರಬಹುದು. ಇದನ್ನೆಲ್ಲ ಒಮ್ಮೆಗೇ ಕಣ್ಣೆದುರು ಹರಡಿಕೊಂಡು ಕೂತವರಿಗೆ ಕೈಕಾಲು ಆಡುವುದಿಲ್ಲ. ಆಳಾದವನು ಇವತ್ತಿನ ಸಾಲು ಹಿಡಿಯುತ್ತಾನೆ, ಸಂಜೆ ಕಲ್ಲಿಡುತ್ತಾನೆ. ರಾತ್ರಿ ಪುಸ್ತಕ ಮುಚ್ಚುವ ಮುಂಚೆ ‘ನಾಳೆ ಇಲ್ಲಿಂದ’ ಎಂದು ಒಂದು ಸಾಲು ಬರೆದಿಡುವ ಹುಡುಗನಿಗೆ ಬೆಳಗಿನ ಮೊದಲ ಗಂಟೆ ಹಾಳಾಗುವುದಿಲ್ಲ.

‘ದುಡಿ’ ಎರಡನೆಯ ಮಾತು. ದಿನಕ್ಕೆ ಹದಿನಾಲ್ಕು ಗಂಟೆ ಕುರ್ಚಿಯಲ್ಲಿ ಕೂತೆ ಎಂಬುದು ದುಡಿಮೆಯ ಲೆಕ್ಕವಲ್ಲ. ಸಂಜೆ ಹೊಲದ ಬದುವಿನಲ್ಲಿ ನಿಂತವರು ಆಳಿನ ಬೆವರನ್ನು ಅಳೆಯುವುದಿಲ್ಲ, ಮುಗಿದ ಸಾಲನ್ನು ಎಣಿಸುತ್ತಾರೆ. ಕಳೆಯ ಜೊತೆ ಪೈರನ್ನೂ ಕಿತ್ತಿದ್ದರೆ ಅದೂ ಕಾಣುತ್ತದೆ. ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಳೆಯುವುದು ಇದೇ ಕಾರಣಕ್ಕೆ. ಗೊತ್ತಿರುವುದು ಎಷ್ಟು, ಗೊತ್ತಿದೆ ಅಂದುಕೊಂಡಿರುವುದು ಎಷ್ಟು ಎಂಬ ವಿವೇಕವನ್ನು ಅದು ಅಳೆಯುತ್ತದೆ.

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. ‘ಸಕಾಲ’ ಯೋಜನೆ ಎಲ್ಲ ನೋಟ್ಸ್‌ಗಳಲ್ಲೂ ಇದೆ: 2011ರ ಕಾಯಿದೆ, 2012ರಲ್ಲಿ ಜಾರಿ, ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ನನ್ನ ಸೊಸೆ ಇದನ್ನು ಉಸಿರು ಬಿಡದೆ ಒಪ್ಪಿಸಿದಳು. ಆ ಇಪ್ಪತ್ತು ರೂಪಾಯಿ ಯಾರ ಜೇಬಿನಿಂದ ಬರಬೇಕು ಎಂದು ಕೇಳಿದೆ. ಸುಮ್ಮನಾದಳು. ತಡ ಮಾಡಿದ ಅಧಿಕಾರಿಯ ಸಂಬಳದಿಂದ ಅದನ್ನು ವಸೂಲು ಮಾಡಲು ಕಾಯಿದೆ ಅವಕಾಶ ಕೊಡುತ್ತದೆ. ಅದು ತಿಳಿದ ಕೂಡಲೇ ಅಂಕಿ ಅರ್ಥವಾಗುತ್ತದೆ: ಮೊತ್ತ ಚಿಕ್ಕದು, ಆದರೆ ತಪ್ಪು ಯಾರದ್ದು ಎಂದು ಕಡತದ ಮೇಲೆ ದಾಖಲಾಗುತ್ತದೆ. ಅಲ್ಲಿಂದ ಮುಂದೆ ತಾನಾಗಿಯೇ ಪ್ರಶ್ನೆಗಳು ಹುಟ್ಟುತ್ತವೆ. ಪರಿಹಾರ ಕೇಳುವಷ್ಟು ಧೈರ್ಯ ಹಳ್ಳಿಯ ಅಜ್ಜಿಗೆ ಇದೆಯೇ? ಅರ್ಜಿ ಕೊಟ್ಟಾಗ ಅವಳಿಗೆ ಸ್ವೀಕೃತಿ ಚೀಟಿ ಸಿಕ್ಕಿತೇ? ಒಂದು ಸಾಲಿನ ಅಂಕಿ ಹತ್ತು ಅಂಕದ ಉತ್ತರವಾಗುವುದು ಹೀಗೆ. ಮುಂದೆ ಆ ಕುರ್ಚಿಯಲ್ಲಿ ಕೂತಾಗ ಬೇಕಾಗುವುದೂ ಇದೇ. ‘ಆಳು ಮಾಡಿದ್ದು ಹಾಳು’ ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಬೇರೆಯವರ ಸಿದ್ಧ ನೋಟ್ಸ್ ಕೊಂಡು ತಂದು ಕಣ್ಣಾಡಿಸುವುದು ಆಳಿಟ್ಟು ಓದಿಸಿದ ಹಾಗೆ. ತಾನೇ ಆಳಾದವನಿಗೆ ಮಾತ್ರ ಆ ಬೆಳೆ ತನ್ನದು.

ಮೂರನೆಯದು ‘ಅರಸನಾಗಿ’. ಎರಡು ಗೆರೆ ಎಳೆಸಿಕೊಂಡ ಮಾತು. ಇಲ್ಲಿ ಕನ್ನಡ ಒಂದು ಗುಟ್ಟು ಬಚ್ಚಿಟ್ಟಿದೆ. ‘ಆಳು’ ಎಂಬ ನಾಮಪದಕ್ಕೆ ಸೇವಕ ಎಂದರ್ಥ. ‘ಆಳು’ ಎಂಬ ಕ್ರಿಯಾಪದಕ್ಕೆ ರಾಜ್ಯವಾಳು ಎಂದರ್ಥ. ಹಳಗನ್ನಡದ ‘ಆಳ್’ ಕಾಲದಿಂದಲೂ ಈ ಎರಡು ಅರ್ಥ ಒಂದೇ ಸದ್ದಿನಲ್ಲಿ ಕೂತಿವೆ. ಅರಸನಿಗೆ ದುಡಿಯುವವನೂ ಆಳು, ಅರಸ ಮಾಡುವುದೂ ಆಳು. ಆಳುವುದೂ ಒಂದು ದುಡಿಮೆಯೇ ಎಂದು ಭಾಷೆಯೇ ಹೇಳುತ್ತಿರುವಾಗ, ದುಡಿಮೆ ಮುಗಿಸಿ ಆಳುವ ಕುರ್ಚಿಗೆ ಹೋಗುತ್ತೇನೆ ಎಂಬ ಲೆಕ್ಕ ಎಲ್ಲಿ ಕೂಡುತ್ತದೆ?

ಮೈಸೂರು ಸಂಸ್ಥಾನದಲ್ಲಿ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಅಂಥ ಹುದ್ದೆ ವಶೀಲಿಯಿಂದಲ್ಲ, ಪರೀಕ್ಷೆಯಿಂದ ಸಿಗಬೇಕು ಎಂಬುದು ದೊಡ್ಡ ಮಾತಾಗಿತ್ತು. ಅದೇ ವರ್ಷ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮುಂದೆ ಅದೇ ಪರೀಕ್ಷೆಯಲ್ಲಿ ಗೆದ್ದು ಅಸಿಸ್ಟೆಂಟ್ ಕಮಿಷನರ್ ಆದರು, 1943ರವರೆಗೆ ಸರ್ಕಾರಿ ಕೆಲಸದಲ್ಲಿದ್ದರು. ಅಮಲ್ದಾರರಾಗಿದ್ದ ನವರತ್ನ ರಾಮರಾಯರು ಊರೂರು ತಿರುಗಿ ಕಂಡ ಜನರನ್ನು ‘ಕೆಲವು ನೆನಪುಗಳು’ ಪುಸ್ತಕದಲ್ಲಿ ಉಳಿಸಿಕೊಟ್ಟರು. ಇವರಿಬ್ಬರ ಬರಹ ಓದಿದವರಿಗೆ ಒಂದು ವಿಷಯ ತಿಳಿಯುತ್ತದೆ: ಹುದ್ದೆ ಅವರಿಗೆ ಜನರನ್ನು ಹತ್ತಿರದಿಂದ ನೋಡುವ ಕಣ್ಣು ಕೊಟ್ಟಿತು. ಸಾಹೇಬರ ಮುಂದೆ ಕೈಕಟ್ಟಿ ನಿಂತ ರೈತನ ಮುಖ ಅವರಿಗೆ ನೆನಪಿರುತ್ತಿತ್ತು.

ಮುಖ್ಯ ಪರೀಕ್ಷೆಯಲ್ಲಿ ಕನ್ನಡದ್ದೊಂದು ಕಡ್ಡಾಯ ಪತ್ರಿಕೆ ಇದೆ. ಅದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಾಸಾದರೆ ಸಾಕು. ಹಾಗಾಗಿ ಅನೇಕರು ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ನನ್ನ ಮಟ್ಟಿಗೆ ಅಧಿಕಾರಿಯಾಗುವ ತಯಾರಿ ಶುರುವಾಗಬೇಕಾದದ್ದೇ ಅಲ್ಲಿಂದ. ಪೋಡಿ ಯಾಕೆ ಆಗಲಿಲ್ಲ, ಪಹಣಿಯಲ್ಲಿ ಹೆಸರು ಯಾಕೆ ಬರಲಿಲ್ಲ ಎಂಬುದನ್ನು ಅರ್ಜಿ ಹಿಡಿದು ನಿಂತವನಿಗೆ ತಿಳಿಯುವ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡಬಲ್ಲವನೇ ಅವನ ಪಾಲಿಗೆ ಸರ್ಕಾರ.

ಕೊನೆಯ ಮಾತು ‘ಉಣ್ಣು’. ಗಾದೆ ‘ತಿನ್ನು’ ಅನ್ನಲಿಲ್ಲ. ನಮ್ಮ ಮಾತಿನಲ್ಲಿ ದುಡಿದದ್ದನ್ನು ಉಣ್ಣುತ್ತೇವೆ, ಲಂಚವನ್ನು ಯಾರೂ ಉಣ್ಣುವುದಿಲ್ಲ, ತಿನ್ನುತ್ತಾರೆ. ಈ ವ್ಯತ್ಯಾಸ ಹಳ್ಳಿಯ ಮಗುವಿಗೂ ಗೊತ್ತು. ಓದಿನ ವರ್ಷಗಳನ್ನು ಬಂಡವಾಳ ಎಂದುಕೊಂಡವನು ಕುರ್ಚಿ ಸಿಕ್ಕ ದಿನದಿಂದ ಬಡ್ಡಿಯ ಲೆಕ್ಕ ಹಾಕುತ್ತಾನೆ. ‘ನಾನು ಇಷ್ಟು ಅನುಭವಿಸಿದ್ದೇನೆ, ಈಗ ನನ್ನ ಸರದಿ’ ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಗಾದೆಯನ್ನು ತಪ್ಪಾಗಿ ಓದುವುದು ಬರೀ ಭಾಷೆಯ ತಪ್ಪಲ್ಲ. ಅದರ ಬೆಲೆಯನ್ನು ಕೌಂಟರಿನ ಆಚೆ ನಿಂತವರು ತೆರುತ್ತಾರೆ.

ಉಣ್ಣುವ ಮಾತಿಗೆ ಇನ್ನೊಂದು ಮುಖವಿದೆ. ಈ ಗಾದೆ ಒಂದು ಕರಾರು. ಆಳು ದುಡಿಯಬೇಕು ನಿಜ, ಆದರೆ ಅಳೆದು ಕೊಡುವ ಕೊಳಗವೂ ನೆಟ್ಟಗಿರಬೇಕು. ನಮ್ಮ ರಾಜ್ಯದಲ್ಲಿ ಆ ಕೊಳಗ ಎಷ್ಟೋ ಸಲ ಸೊಟ್ಟಗಾಗಿದೆ. 2011ನೇ ಸಾಲಿನ 362 ಹುದ್ದೆಗಳ ಆಯ್ಕೆಯನ್ನು ಸರ್ಕಾರವೇ 2014ರಲ್ಲಿ ಕೈಬಿಟ್ಟಿತು. ನ್ಯಾಯಮಂಡಳಿ, ಹೈಕೋರ್ಟು ಎಂದು ವರ್ಷಗಟ್ಟಲೆ ಅಲೆದ ಮೇಲೆ 2022ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಬರಬೇಕಾಯಿತು. 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ಆಗಲೂ ಕನ್ನಡದ ಪ್ರಶ್ನೆಗಳಲ್ಲಿ ತಪ್ಪಿದೆ ಎಂದು ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯುವ ಹಳ್ಳಿಯ ಮಕ್ಕಳಿಗೆ ಕನ್ನಡ ನಾಡಿನ ಪರೀಕ್ಷೆಯಲ್ಲೇ ಪ್ರಶ್ನೆ ಅರ್ಥವಾಗದಿದ್ದರೆ, ಆ ನೋವನ್ನು ‘ಇನ್ನಷ್ಟು ಕಷ್ಟಪಟ್ಟು ಓದು’ ಎಂಬ ಬುದ್ಧಿಮಾತಿನಿಂದ ಮುಚ್ಚುವುದು ಅನ್ಯಾಯ. ಮಕ್ಕಳಿಗೆ ಈ ಗಾದೆ ಹೇಳುವ ಹಕ್ಕು ನಮಗೆ ಬರಬೇಕಾದರೆ ಅಧಿಸೂಚನೆ ಹೊತ್ತಿಗೆ ಸರಿಯಾಗಿ ಬರಬೇಕು, ಪ್ರಶ್ನೆಪತ್ರಿಕೆಯನ್ನು ಕನ್ನಡ ಬಲ್ಲವರು ಮೊದಲು ಕನ್ನಡದಲ್ಲೇ ಬರೆಯಬೇಕು, ಫಲಿತಾಂಶ ಕೋರ್ಟಿನ ಕಟ್ಟೆ ಹತ್ತದೆ ಹೊರಬೀಳಬೇಕು.

ಎಲ್ಲವೂ ನೆಟ್ಟಗಿದ್ದರೂ ಲೆಕ್ಕ ಕಠಿಣವೇ. ಆ 384 ಹುದ್ದೆಗಳಿಗೆ ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ಹುದ್ದೆಯೊಂದಕ್ಕೆ ಐನೂರಕ್ಕೂ ಮೀರಿದ ಮಂದಿ. “ಆಗದಿದ್ದರ ಏನು ಮಾಮಾ?” ಎಂದು ಸೊಸೆ ಕೇಳಿದಾಗ ಆಗೇ ಆಗುತ್ತದೆ ಎಂಬ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ನಮ್ಮ ಕಾಕಾನ ಕರಾರಿನ ಮಾತು ಹೇಳಿದೆ. ಅವರ ವರ್ಷ ಯುಗಾದಿಯಿಂದ ಯುಗಾದಿಗೆ. ಬೇವುಬೆಲ್ಲ ತಿಂದ ಮೇಲೆ ಜಗಲಿಯಲ್ಲಿ ಕೂತು ಹಳೆಯ ವರ್ಷದ ಲೆಕ್ಕ ಚುಕ್ತಾ ಮಾಡಿಕೊಂಡು, ಮುಂದಿನ ವರ್ಷ ಇರುವುದೋ ಬಿಡುವುದೋ ಎಂದು ಅವರೇ ತೀರ್ಮಾನಿಸುತ್ತಿದ್ದರು. ಕೊನೆಯಿಲ್ಲದೆ ದುಡಿಯುವವನನ್ನು ಆಳು ಅನ್ನುವುದಿಲ್ಲ, ಜೀತದವನು ಅನ್ನುತ್ತಾರೆ. ಓದುವವರೂ ತಮ್ಮ ಯುಗಾದಿಯನ್ನು ತಾವೇ ಗೊತ್ತುಮಾಡಿಕೊಳ್ಳಬೇಕು: ಇಷ್ಟು ವರ್ಷ, ಇಷ್ಟು ಪ್ರಯತ್ನ, ಅಷ್ಟರೊಳಗೆ ಎಫ್‌ಡಿಎ, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಮೇಷ್ಟ್ರ ಕೆಲಸ, ಯಾವುದು ಬಂದರೂ ಅದರ ಪರೀಕ್ಷೆಯನ್ನೂ ಬರೆಯುವುದು. ಆ ದಿನ ಬಂದಾಗ ಅಪ್ಪ ಅಮ್ಮ, ಬಂಧು ಬಳಗ ‘ಇಷ್ಟು ವರ್ಷ ಓದಿ ಏನು ಮಾಡಿದೆ’ ಎಂದು ಕೇಳದೆ ಬೇವುಬೆಲ್ಲ ಕೊಡಬೇಕು. ಊರಿನ ಮದುವೆಗೆ ಹೋಗಲು ಅಂಜುವ ಸ್ಥಿತಿ ಯಾವ ಓದಿದ ಮಗುವಿಗೂ ಬರಬಾರದು.

ಹಾಗಾದರೆ ಅರಸನಾಗಿ ಉಣ್ಣುವುದು ಯಾವಾಗ? ಇದಕ್ಕೂ ಉತ್ತರ ಕಂಡದ್ದು ಕಾಕಾನಲ್ಲೇ. ಹೊಲದಿಂದ ಬಂದು ಕೈಕಾಲು ಮುಖ ತೊಳೆದು ಅಡುಗೆಮನೆಯ ಬಾಗಿಲ ಬಳಿ ಕೂತರೆ, ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ನಡುವೆ ಯಾರು ಕರೆದರೂ ಏಳುತ್ತಿರಲಿಲ್ಲ. ತುತ್ತು ತುತ್ತಿಗೂ ರುಚಿ ಕಾಣುತ್ತ, ಅವಸರವಿಲ್ಲದೆ ಉಣ್ಣುತ್ತಿದ್ದರು. ಬದುವಿನ ಮೇಲೆ ಕಲ್ಲಿಟ್ಟು ಬಂದಿದ್ದ ಮನುಷ್ಯ. ಆ ಹೊತ್ತಿನಲ್ಲಿ ಅವರು ಯಾರಿಗೂ ಏನೂ ಬಾಕಿ ಇರಲಿಲ್ಲ. ನಾನು ಕಂಡ ಅರಸನ ಊಟ ಅದೊಂದೇ. ದುಡಿಯುವುದೂ ಉಣ್ಣುವುದೂ ಬದುಕಿನ ಎರಡು ಬೇರೆ ಕಾಲಗಳಲ್ಲ, ಒಂದೇ ದಿನದ ಬೆಳಗು ಸಂಜೆ. ಇವತ್ತಿನ ಸಾಲನ್ನು ಪ್ರಾಮಾಣಿಕವಾಗಿ ಮುಗಿಸಿದವಳಿಗೆ ಇವತ್ತಿನ ರೊಟ್ಟಿಯ ಮುಂದೆ ಅರಸಿಯಾಗಿ ಕೂರುವ ಹಕ್ಕಿದೆ. ಹುದ್ದೆ ಬಂದ ಮೇಲೂ ನಿಯಮ ಇದೇ: ಬಂದವರ ಅರ್ಜಿ ನೋಡಿ ಮುಗಿಸಿ, ಸಂಜೆ ತನ್ನ ಸಂಬಳದ ಅನ್ನ ಉಣ್ಣುವುದು.

ಇದನ್ನೆಲ್ಲ ಅವಳಿಗೆ ಹೇಳಿದಾಗ ರಾತ್ರಿ ಒಂಬತ್ತಾಗಿತ್ತು. ಗೋಡೆಯ ಹಾಳೆಯನ್ನು ಅವಳು ಮುಟ್ಟಲಿಲ್ಲ. ಓದುತ್ತಿದ್ದ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ನಾಳೆ ಇಲ್ಲಿಂದ’ ಎಂದು ಬರೆದಳು, ಮೊಬೈಲನ್ನು ಮಗುಚಿಟ್ಟಳು, ಡಬ್ಬಿ ಬಿಚ್ಚಿ ನನ್ನ ಮುಂದೊಂದು ತಟ್ಟೆ ಇಟ್ಟಳು. “ಬದನಿಕಾಯಿ ಪಲ್ಯ ಐತಿ ಮಾಮಾ, ಉಣ್ಣೂಣು ಬರ್ರಿ” ಅಂದಳು.