ನಾನು ನಾನೇ ಎಂಬುದಕ್ಕೆ ಸಾಕ್ಷಿ ಯಾರು?

ತಾಳಿಕೋಟೆಯಲ್ಲಿ ನೋಟರಿಯ ಮುಂದೆ ಕೂಡುವವರೆಲ್ಲ ಹೊಲ ಮಾರುವವರು, ಸಾಲ ಮಾಡುವವರು ಎಂದು ತಿಳಿಯಬಾರದು. ಎಷ್ಟೋ ಜನರ ಬಳಿ ಮಾರಲು ಏನೂ ಇರುವುದಿಲ್ಲ. ಅವರು ಬರುವುದು ತಮ್ಮ ಹೆಸರಿನ ಸಲುವಾಗಿ. ಶಾಲೆಯ ದಾಖಲೆಯಲ್ಲಿ ಮಹೆಬೂಬ, ರೇಶನ್ ಕಾರ್ಡಿನಲ್ಲಿ ಮೈಬೂಬಸಾಬ, ಮತದಾರರ ಪಟ್ಟಿಯಲ್ಲಿ ಮೆಹಬೂಬ್. ಆಧಾರ್‌ನಲ್ಲಿ ತಂದೆಯ ಹೆಸರು ಕೊನೆಗೆ, ಪಹಣಿಯಲ್ಲಿ ಅಡ್ಡಹೆಸರು ಕೊನೆಗೆ. ಈ ಐದು ಮಂದಿಯೂ ಒಬ್ಬನೇ ಎಂದು ಆ ಒಬ್ಬನೇ ಪ್ರಮಾಣ ಮಾಡಬೇಕು.

ನಮ್ಮ ಹೆಸರುಗಳ ಈ ಅವಸ್ಥೆಗೆ ಲಿಪಿಯೂ ಒಂದು ಕಾರಣ. ಉರ್ದುವಿನಲ್ಲಿ ಜಾಲ್, ಜೇ, ಜ್ವಾದ್, ಜೋಯ್ ಎಂದು ನಾಲ್ಕು ಅಕ್ಷರಗಳಿವೆ. ಕನ್ನಡಕ್ಕೆ ಬಂದರೆ ನಾಲ್ಕೂ ಒಂದೇ 'ಜ'. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನೇ ತುಂಬಿಕೊಳ್ಳುತ್ತಾನೆ. ಕನ್ನಡದಲ್ಲಿ ಒಂದು ಸ್ವರವನ್ನೂ ಬಿಡುವಂತಿಲ್ಲ. ಅಲ್ಲಿಂದ ಇಂಗ್ಲಿಷಿಗೆ ಹೋದಾಗ ಕಂಪ್ಯೂಟರಿನ ಮುಂದೆ ಕೂತ ಹುಡುಗನ ಕಿವಿಗೆ ಕೇಳಿದ್ದೇ ಕಾಗುಣಿತ. ಇದರಲ್ಲಿ ಯಾರ ಕುಟಿಲವನ್ನೂ ನಾವು ಹುಡುಕುವುದಿಲ್ಲ. ಬಸಪ್ಪ ಬಸವರಾಜನಾಗಿ ಅಲೆಯುವುದನ್ನೂ ಇದೇ ಊರಲ್ಲಿ ನೋಡಿದ್ದೇವೆ. ಆದರೆ ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವ ಪಟ್ಟಿ ಪ್ರಕಟವಾಗಿ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದ ಮೇಲೆ, ಅವರಲ್ಲಿ ತಂದೆಯ ಹೆಸರಿನ ಒಂದಕ್ಷರ ಹೊಂದದೆ ಹೋದ ಹಿಂದೂ, ಮುಸ್ಲಿಮರಿಬ್ಬರೂ ಇದ್ದಾರೆಂದು ತಿಳಿದ ಮೇಲೆ, ಕಾಗುಣಿತದ ತಪ್ಪು ಬರೀ ಕಾಗುಣಿತದ ತಪ್ಪಾಗಿ ಉಳಿದಿಲ್ಲ.

(ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಇವೆರಡೂ ಒಂದೇ ಊರು ಎಂದು ಗೋಳಗುಮ್ಮಟದಿಂದ ಯಾರೂ ಪ್ರಮಾಣ ಮಾಡಿಸಲಿಲ್ಲ. 1565ರ ಯುದ್ಧಕ್ಕೂ ಕೆಲವರು ನಮ್ಮೂರಿನ ಹೆಸರು ಹೇಳುತ್ತಾರೆ, ಕೆಲವರು ರಕ್ಕಸಗಿ-ತಂಗಡಗಿ ಎನ್ನುತ್ತಾರೆ. ಅದಕ್ಕೂ ನಡೆಯುತ್ತದೆ.)

ಹಾಗಾದರೆ ನೋಟರಿ ಮಾಡುವುದೇನು? 1952ರ ನೋಟರಿ ಕಾಯಿದೆಯಂತೆ ಸರ್ಕಾರ ನೇಮಿಸಿದ, ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದ ವ್ಯಕ್ತಿ ಅವರು. ಅವರ ಸಹಿ, ಸಿಕ್ಕಾ ಹೇಳುವುದು ಇಷ್ಟೇ: ಇಂಥವರು ಇಂಥ ದಿನ ನನ್ನೆದುರು ಬಂದು ಪ್ರಮಾಣ ಮಾಡಿ ಸಹಿ ಮಾಡಿದರು. ಕಾಗದದಲ್ಲಿ ಬರೆದದ್ದು ನಿಜ ಎಂದು ಅವರು ಹೇಳುವುದಿಲ್ಲ. ನಮ್ಮ ಜನ ಮಾತ್ರ ಕೆಂಪು ಸಿಕ್ಕಾ ಬಿದ್ದ ಕೂಡಲೇ ಸುಳ್ಳೂ ಖರೆಯಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಸುಳ್ಳಿನ ಹೊಣೆ ಪೂರ್ತಿ ಪ್ರಮಾಣ ಮಾಡಿದವರದೇ, ಅದಕ್ಕೆ ಜೈಲೂ ಉಂಟು. ನೋಟರಿಯ ಹೊಣೆ 'ನನ್ನೆದುರು' ಎಂಬ ಒಂದು ಮಾತಿನದು. ಮೊದಲೇ ಸಿಕ್ಕಾ ಒತ್ತಿಟ್ಟ ಕಾಗದ ಟೈಪಿಂಗ್ ಅಂಗಡಿಯಲ್ಲಿ ಸಿಗುವಂತಾದರೆ ಆ ಒಂದು ಮಾತೂ ಸುಳ್ಳಾಗುತ್ತದೆ.

ವಿಧವಾ ವೇತನಕ್ಕಾಗಿ ಬಂದಿದ್ದ ಒಬ್ಬ ಮುದುಕಿಯ ಮಾತು ನಮ್ಮ ಕಿವಿಯಲ್ಲಿದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿದ್ದರು. ಆಕೆ ಕೈ ಹಿಂದಕ್ಕೆಳೆದುಕೊಂಡು ಕೇಳಿದಳು:

"ಇದರಾಗ ಏನ್ ಬರದೈತ್ರಿ ವಕೀಲ ಸಾಹೇಬ್ರ?"

"ನೀ ನೀನ ಅದಿ ಅಂತ ಬರದೈತಿ ಅವ್ವಾ."

"ನಾ ನಾನ ಅಲ್ದ ಮತ್ಯಾರರೀ?"

ಅಲ್ಲಿದ್ದವರು ನಕ್ಕರು. ಆ ವಕೀಲರು ನಗಲಿಲ್ಲ. ಮಸಿ ಹಚ್ಚಿದ ಕೈ ಹಾಗೇ ಇರಲೆಂದು ಹೇಳಿ, ಕಾಗದವನ್ನು ಸಾಲು ಸಾಲಾಗಿ ಓದಿ ಆಡುಮಾತಿನಲ್ಲಿ ಬಿಡಿಸಿ ಹೇಳಿದರು. ಗಂಡ ತೀರಿಕೊಂಡ ವರ್ಷ ತಪ್ಪಾಗಿದೆ ಎಂದು ಆಗ ಆಕೆಯೇ ಹೇಳಿದಳು. ಓದದೆ ಒತ್ತಿಸಿದ್ದರೆ? ಆಕೆ ಒಂದು ಸುಳ್ಳು ಪ್ರಮಾಣ ಮಾಡಿದವಳಾಗುತ್ತಿದ್ದಳು, ಅದೂ ತನಗೆ ಗೊತ್ತಿಲ್ಲದೆ. ಅಂಥ ಪ್ರಮಾಣದ ಪಾಪ ಯಾರ ತಲೆಗೆ? ಓದು ಬಾರದವರಿಗೆ ಓದಿ ತಿಳಿಸಿದ ಮೇಲೆಯೇ ಹೆಬ್ಬೆಟ್ಟು ಪಡೆಯಬೇಕೆನ್ನುವುದು ಕೋರ್ಟುಗಳ ಹಳೆಯ ನಿಯಮ. 'ಓದಿ ಹೇಳಲಾಗಿದೆ' ಎಂಬ ಸಾಲನ್ನೂ ಟೈಪಿಂಗಿನವರೇ ಕೊನೆಗೆ ಹೊಡೆದಿಟ್ಟಿರುತ್ತಾರೆ, ಓದುವ ಮೊದಲೇ!

ಕುರ್‌ಆನಿನ ಎಲ್ಲಕ್ಕಿಂತ ದೀರ್ಘವಾದ ಆಯತು ಪೂಜೆಯ ಕುರಿತದ್ದಲ್ಲ, ಪತ್ರ ಬರೆಯುವುದರ ಕುರಿತದ್ದು. ಅಲ್‌ಬಕರ ಅಧ್ಯಾಯದ 282ನೆಯದು. ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದನ್ನು ನಮ್ಮವರೆಲ್ಲ ಕೇಳಿದ್ದಾರೆ. ಅದರಲ್ಲೇ ಇನ್ನೊಂದು ಮಾತಿದೆ, ಅದರ ಕಡೆ ಲಕ್ಷ್ಯ ಕಡಿಮೆ. ಬರೆಸುವವನು ಯಾರು? ಹೊಣೆ ಹೊರುವವನು, ಅಂದರೆ ಸಾಲಗಾರ. ಅವನು ಅಶಕ್ತನಾಗಿದ್ದರೆ ಅವನ ಪರವಾದವನು ನ್ಯಾಯದಿಂದ ಬರೆಸಬೇಕು. ನಮ್ಮ ಟೈಪಿಂಗ್ ಅಂಗಡಿಗಳಲ್ಲಿ ಇದು ತಲೆಕೆಳಗಾಗಿದೆ. ಬರೆಯುವವನೇ ಬರೆಸುವವನು. ಹೋದ ಗಿರಾಕಿಯ ಕಾಗದದ ಮೇಲೆ ಹೆಸರು ಬದಲಿಸಿ ಪ್ರಿಂಟ್ ತೆಗೆಯುತ್ತಾನೆ. ಹೊಣೆ ಹೊರುವವರು ಬೆರಳು ಮಾತ್ರ ಕೊಡುತ್ತಾರೆ.

ಹಿಂದಿನ ಕಾಲ ಚೆನ್ನಾಗಿತ್ತು ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೂ ದಖ್ಖನದ ಹಳೆಯ ಮಹಜರುಗಳನ್ನು ನೆನೆಯಬೇಕು. ವತನದ ತಕರಾರು ಬಂದರೆ ಊರೇ ಕೂಡಿ ಸಾಕ್ಷಿ ನುಡಿಯುತ್ತಿತ್ತು, ಖಾಜಿಯ ಮುದ್ರೆ ಬೀಳುತ್ತಿತ್ತು. ಅಕ್ಷರ ಬಾರದ ಪಾಟೀಲ ಸಹಿಯ ಜಾಗದಲ್ಲಿ ನೇಗಿಲಿನ ಗುರುತು ಹಾಕುತ್ತಿದ್ದ, ಆಯಗಾರರು ತಮ್ಮ ತಮ್ಮ ಕಸುಬಿನ ಸಾಮಾನಿನ ಗುರುತು ಹಾಕುತ್ತಿದ್ದರು. ಅಲ್ಲಿಯೂ ದಬ್ಬಾಳಿಕೆ ಇದ್ದೇ ಇತ್ತು. ಊರು ಒಪ್ಪದವನಿಗೆ ಸಾಕ್ಷಿ ಎಲ್ಲಿಂದ ಸಿಗಬೇಕು? ಆದರೆ ನೀನು ಯಾರೆಂಬುದನ್ನು ನಿನ್ನನ್ನು ಬಲ್ಲವರು ಹೇಳುತ್ತಿದ್ದರು. ಈಗ ಬಲ್ಲವರ ಮಾತಿಗೆ ಬೆಲೆಯಿಲ್ಲ, ಬಲ್ಲದವರ ಸಿಕ್ಕಾಕ್ಕೆ ಬೆಲೆ.

ಛಾಪಾ ಕಾಗದದ ಮಾತು ಬಂದರೆ ಖಾನಾಪುರದ ತೆಲಗಿಯ ಹೆಸರು ಬಾರದೆ ಇರದು. 2001ರಲ್ಲಿ ಅವನು ಸಿಕ್ಕಿಬಿದ್ದ ಮೇಲೆ ಕಾಗದ ಅಸಲೋ ನಕಲೋ ಎಂಬುದೇ ದೇಶಕ್ಕೆಲ್ಲ ಚಿಂತೆಯಾಯಿತು. ಮುಂದೆ ನಮ್ಮಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟಾಂಪ್ ಬಂತು. ಒಳ್ಳೆಯದೇ. ಆದರೆ ನಕಲಿ ಕಾಗದದ ಮೇಲೆ ಬರೆದ ಸತ್ಯ ದೊಡ್ಡದೋ, ಅಸಲಿ ಕಾಗದದ ಮೇಲೆ ಬರೆದ ಸುಳ್ಳು ದೊಡ್ಡದೋ ಎಂದು ಆಗ ಯಾರೂ ಕೇಳಲಿಲ್ಲ. ಸರ್ಕಾರಕ್ಕೆ ನಷ್ಟವಾದದ್ದು ಮೊದಲನೆಯದರಿಂದ. ಎರಡನೆಯದರಿಂದ ನಷ್ಟವಾಗುವುದು ಪ್ರಮಾಣ ಎಂಬುದಕ್ಕೇ.

ಪ್ರಮಾಣವನ್ನು ಅಗ್ಗ ಮಾಡಿದ್ದರಲ್ಲಿ ಕಚೇರಿಗಳ ಪಾಲೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಪ್ರತಿಗಳಿಗೆ ಸ್ವಯಂ ದೃಢೀಕರಣ ಸಾಕು, ಅನಗತ್ಯ ಅಫಿಡವಿಟ್ ಕೇಳಬೇಡಿ ಎಂದು ಕೇಂದ್ರ ಸರ್ಕಾರ 2014ರಲ್ಲೇ ತನ್ನ ಇಲಾಖೆಗಳಿಗೆ ಹೇಳಿತು. ತಾಳಿಕೋಟೆ 2018ರಲ್ಲಿ ತಾಲೂಕಾಯಿತು, ಮುದ್ದೇಬಿಹಾಳದ ತಿರುಗಾಟ ಕಡಿಮೆಯಾಯಿತು; ಆದರೆ 'ಒಂದು ಅಫಿಡವಿಟ್ ಮಾಡಿಸ್ಕೊಂಡ್ ಬರ್ರಿ' ಎನ್ನುವ ಮಾತು ಕಡಿಮೆಯಾಗಲಿಲ್ಲ. ಗುಮಾಸ್ತನಿಗೂ ಗೊತ್ತು, ಆ ಕಾಗದದಿಂದ ತನಗೆ ಹೊಸದೇನೂ ತಿಳಿಯುವುದಿಲ್ಲವೆಂದು. ನಾಳೆ ಯಾರಾದರೂ ಕೇಳಿದರೆ ತೋರಿಸಲು ಫೈಲಿನಲ್ಲಿ ಒಂದು ಹಾಳೆ ಬೇಕು, ಅಷ್ಟೇ. ಅದಕ್ಕೆ ಬಡವರು ದೇವರ ಹೆಸರಿನಲ್ಲಿ ಆಣೆ ಇಡಬೇಕು. ಅಫಿಡವಿಟ್ಟಿನ ಮುದ್ರಾಂಕ 20 ರೂಪಾಯಿ ಇದ್ದದ್ದು 2024ರಲ್ಲಿ 100 ಆಯಿತು. ಆಣೆ ತುಟ್ಟಿಯಾಯಿತೇ ಹೊರತು ತೂಕವಾಗಲಿಲ್ಲ.

ಕಚೇರಿಗಳು ಬದಲಾಗುವ ತನಕ ಕಾಯದೆ ನಾವೇ ಮಾಡಬಹುದಾದ ಕೆಲಸವೊಂದಿದೆ. ಉರ್ದು ಶಾಲೆಯ ಮಾಸ್ತರರು ಮಗುವಿನ ಹೆಸರನ್ನು ದಾಖಲಾತಿ ರಜಿಸ್ಟರಿಗೆ ಬರೆಯುವ ದಿನವೇ ಜನನ ಪ್ರಮಾಣಪತ್ರ ತರಿಸಿ, ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಂದೇ ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಲಿ. ತಂದೆಯ ಕೈಗೂ ಕೊಡಬಹುದು, ಆದರೆ ಮನೆಯ ಟ್ರಂಕಿನ ಕೀಲಿ ಇರುವುದು ತಾಯಿಯ ಹತ್ತಿರ.