ಒಡೆಯುವ ಮಾತು, ಒಡಗೂಡುವ ಮಾತು

ಕನ್ನಡ ನುಡಿಯಲ್ಲಿ ಒಂದನ್ನು ಹಲವಾಗಿಸುವ ಕ್ರಿಯೆಗೆ ಸೀಳು, ಹರಿ, ಮುರಿ, ಒಡೆ ಎಂಬ ಮಾತುಗಳುಂಟು. ಅವುಗಳಿಗೆ ಎದುರು ನಿಲ್ಲುವ ಮಾತುಗಳೂ ಉಂಟು: ಹೊಲಿ, ನೇಯು, ಬೆರೆ, ಕೂಡು. 'ಒಡೆ' ಎಂಬುದಕ್ಕೂ 'ಒಡಗೂಡು' ಎಂಬುದಕ್ಕೂ ಕಿವಿಗೆ ಅಂತರ ಅಲ್ಪ. ಬಾಳಿಗೆ ಅಂತರ ಅಪಾರ. ಒಡೆಯಲು ಒಂದು ಗಳಿಗೆ ಸಾಕು. ಒಡಗೂಡಲು ಸಾಧನೆ ಬೇಕು.

ಶರಣರ ಕಾಯಕಗಳಲ್ಲಿಯೇ ಈ ಸಾಧನೆಯ ಮೆಟ್ಟಿಲುಗಳು ಕಾಣುತ್ತವೆ. ಸೂಜಿಕಾಯಕದ ರಾಮಿತಂದೆಯ ಸೂಜಿ ಎರಡು ಅರಿವೆಗಳನ್ನು ಒಂದುಗೂಡಿಸಿತು. ಆದರೆ ಹೊಲಿಗೆ ಬಿಚ್ಚಿದರೆ ಅರಿವೆಗಳು ಮತ್ತೆ ಬೇರೆಯೇ. ಜೇಡರ ದಾಸಿಮಯ್ಯನ ಮಗ್ಗದಲ್ಲಿ ಹಾಸುಹೊಕ್ಕುಗಳು ಸೇರಿ ಬಟ್ಟೆಯಾದುವು; ಆದರೂ ಎಳೆ ಎಳೆಯಾಗಿಯೇ ಉಳಿಯಿತು. ಇವೆರಡಕ್ಕೂ ಮಿಗಿಲಾದ ಕೂಟವೊಂದುಂಟು. ಕೃಷ್ಣೆ ಮಲಪ್ರಭೆಯರು ಕೂಡಿದ ಮೇಲೆ, ಇದು ಆ ಹೊಳೆಯ ನೀರು, ಇದು ಈ ಹೊಳೆಯ ನೀರು ಎಂದು ಬೇರ್ಪಡಿಸಿ ತೋರಬಲ್ಲವರಾರು? ಬಸವಣ್ಣನವರು ಆ ಕ್ಷೇತ್ರದ ಒಡೆಯನಾದ ಕೂಡಲಸಂಗಮದೇವನ ನಾಮವನ್ನೇ ತಮ್ಮ ವಚನಗಳಿಗೆ ಅಂಕಿತವಾಗಿಸಿಕೊಂಡರು. ಕೂಡುವಿಕೆ ಆ ನಾಮದಲ್ಲಿಯೇ ಅಡಗಿದೆ.

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳ ಪಥವೂ ಇದೇ. ಭಕ್ತಸ್ಥಲದಲ್ಲಿ ಪೂಜಿಸುವವನು ಬೇರೆ, ಪೂಜೆಗೊಳ್ಳುವ ಲಿಂಗ ಬೇರೆ ಎಂಬ ಭಾವವಿರುತ್ತದೆ. ಸ್ಥಲದಿಂದ ಸ್ಥಲಕ್ಕೆ ಆ ಭಾವ ಕರಗುತ್ತ ಬಂದು, ಐಕ್ಯದಲ್ಲಿ ಅಂಗವೂ ಲಿಂಗವೂ ಸಮರಸವಾಗುತ್ತವೆ. ಸಾಮರಸ್ಯವೆಂದರೆ ಪಕ್ಕದಲ್ಲಿರುವುದಲ್ಲ, ಒಂದಾಗುವುದು.

ಆದರೆ ಲಿಂಗದೊಡನೆ ಸಮರಸವಾಗಬಯಸುವ ಸದ್ಭಕ್ತನು ಒಡಹುಟ್ಟಿದವನೊಡನೆ ಮಾತು ಬಿಟ್ಟಿರಬಹುದೆ? ಅಣ್ಣತಮ್ಮಂದಿರು ಆಸ್ತಿಯನ್ನು ಪಾಲು ಮಾಡಿಕೊಳ್ಳುವುದು ದೋಷವಲ್ಲ. ಹೊಲಕ್ಕೆ ಬದು ಬೇಕು. ಮನಕ್ಕೆ ಬದು ಬೇಡ. ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿ, ಅದೇ ಕೈಯಿಂದ ತಮ್ಮನ ಮುಖಕ್ಕೆ ಕದವಿಕ್ಕಿದರೆ ಆ ಪೂಜೆ ಯಾರಿಗೆ ಸಂದೀತು?

ಇನ್ನೊಂದು ಒಡಕು ಇದಕ್ಕಿಂತಲೂ ಆಳವಾದುದು. ಹರಳಯ್ಯ ಮಧುವರಸರು ಕುಲದ ಗೋಡೆಯನ್ನು ದಾಟಿ ಬೀಗರಾದರೆಂದೂ, ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದೂ ಶರಣಪರಂಪರೆ ಸಾರುತ್ತದೆ. ಆ ಕಥೆಯನ್ನು ಕೇಳಿ ಕಣ್ಣೀರಿಡುವ ಮನೆಗಳಲ್ಲಿಯೇ ಮಗಳ ಸಂಬಂಧ ಬಂದಾಗ ಮೊದಲ ಪ್ರಶ್ನೆ, "ಯಾವ ಒಳಪಂಗಡ?" ಎಂಬುದು. ವರನ ನಡತೆ, ಕಾಯಕ, ನಿಷ್ಠೆಗಳ ವಿಚಾರ ಆಮೇಲೆ. ಕಲ್ಯಾಣದ ಶರಣರು ನೆತ್ತರು ಕೊಟ್ಟು ಕೂಡಿಸಿದುದನ್ನು ಒಂದು ಪ್ರಶ್ನೆಯಿಂದ ಒಡೆದಂತಾಗಲಿಲ್ಲವೆ?

ಆದುದರಿಂದ ಸದ್ಭಕ್ತರು ದಿನದ ಪೂಜೆ ಮುಗಿದ ಮೇಲೆ ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಇಷ್ಟೇ: ಇಂದು ನುಡಿದ ಮಾತು ಒಡೆಯಿತೋ, ಕೂಡಿಸಿತೋ? ಒಡೆದಿದ್ದರೆ ಕತ್ತಲಾಗುವ ಮುನ್ನ ಆ ಬಾಗಿಲಿಗೆ ಹೋಗಿ "ಶರಣು" ಎನ್ನಲಿ. ಐಕ್ಯಸ್ಥಲ ದೂರವಿರಬಹುದು, ಅದರ ದಾರಿ ನೆರೆಮನೆಯ ಹೊಸ್ತಿಲಿನಿಂದಲೇ ತೊಡಗುತ್ತದೆ.