ಹಿಂಬರಹ ಕೊಟ್ಟರೆ ಉತ್ತರ ಕೊಟ್ಟಂತಾ?

ಮೂಲ ಮಂಜೂರಾತಿ ಕಡತ ಲಭ್ಯವಿಲ್ಲ, ಆದ್ದರಿಂದ ಪೋಡಿ ಮಾಡಲು ಬರುವುದಿಲ್ಲ. ಒಂದೇ ಸಾಲು, ಕೆಳಗೆ ಸಹಿ, ದುಂಡು ಸೀಲು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ನನ್ನಂಥವರಿಗೆ ಈ ಧಾಟಿಯ ಹಿಂಬರಹ ಹೊಸದಲ್ಲ. ಪೋಡಿ ಅಂದರೆ ಒಂದೇ ಸರ್ವೆ ನಂಬರಿನಲ್ಲಿರೋ ಹಲವರ ಜಮೀನನ್ನು ಅಳೆದು ಬೇರೆ ಮಾಡೋದು. ಅದಾಗದಿದ್ದರೆ ನೆಲ ನಿಮ್ಮದೇ ಆದರೂ ಎಲ್ಲಿಂದ ಎಲ್ಲಿಯವರೆಗೆ ಅಂತ ಕಾಗದ ಹೇಳಲ್ಲ.

ನಮ್ಮ ಆಫೀಸಲ್ಲಿ ಇದಕ್ಕೆ ಟಿಕೆಟ್ ಕ್ಲೋಸ್ ಮಾಡೋದು ಅಂತೀವಿ. ಡ್ಯಾಶ್‌ಬೋರ್ಡ್ ಹಸಿರಾಗುತ್ತೆ, ಸಮಸ್ಯೆ ಇದ್ದಲ್ಲೇ ಇರುತ್ತೆ. 2012ರಲ್ಲಿ ಜಾರಿಗೆ ಬಂದ ಸಕಾಲದಲ್ಲೂ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಉಂಟು. ಆದರೆ ಗಡುವಿನೊಳಗೆ ಕಾರಣ ಬರೆದು ತಿರಸ್ಕರಿಸಿದರೂ ಅರ್ಜಿ ವಿಲೇವಾರಿ ಆದಂತೆಯೇ.

ಇದಕ್ಕೂ ಮೇಲೆ ಹೋಗೋರು ಹೈಕೋರ್ಟಿಗೆ ಹೋಗ್ತಾರೆ. ಸಂವಿಧಾನದ 226ನೇ ವಿಧಿ, ಮ್ಯಾಂಡಮಸ್ ರಿಟ್. ಸಾಮಾನ್ಯವಾಗಿ ಕೋರ್ಟು ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕೂರಲ್ಲ. ‘ಮನವಿಯನ್ನು ಪರಿಗಣಿಸಿ, ಇಷ್ಟು ವಾರದಲ್ಲಿ ತೀರ್ಮಾನಿಸಿ’ ಅನ್ನುತ್ತೆ. ‘ಪರಿಗಣಿಸಿ’ ಅನ್ನೋ ಪದದಲ್ಲೇ ಇರೋದು ಕಿತಾಪತಿ. ಅಧಿಕಾರಿ ಪರಿಗಣಿಸ್ತಾರೆ, ಅದೇ ಸಾಲನ್ನು ಇನ್ನೊಂದು ತಾರೀಖು ಹಾಕಿ ಕಳಿಸ್ತಾರೆ. ಆದೇಶ ಪಾಲಿಸಿದಂತಾಯ್ತು. ಇಂಥ ನಿರ್ದೇಶನಗಳಿಂದ ಆಗೋ ಗೊಂದಲದ ಬಗ್ಗೆ ಸುಪ್ರೀಂ ಕೋರ್ಟೇ 2006ರಲ್ಲಿ ಆಂಧ್ರದ ಸಾರಿಗೆ ನಿಗಮದ ಕೇಸಿನಲ್ಲಿ ಎಚ್ಚರಿಸಿದೆ.

ಪ್ರಶ್ನೆ ಹಳೇದು. 1615ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಪುರಸಭೆ ಜೇಮ್ಸ್ ಬ್ಯಾಗ್ ಅನ್ನೋ ಸದಸ್ಯನನ್ನು ಹೊರಹಾಕಿತು. ಯಾಕೆ ಅಂತ ಕೋರ್ಟು ಕೇಳಿದ್ದಕ್ಕೆ, ಮೇಯರಿಗೆ ಬೈದಿದ್ದಾನೆ ಅಂತೆಲ್ಲ ಬರೆದು ಕಳಿಸಿದರು. ಉತ್ತರ ಸಾಲದು ಅಂತ ಕೋರ್ಟು ಅವನನ್ನು ಮತ್ತೆ ಸೇರಿಸಿತು. ತಮಾಷೆ ಏನಂದರೆ, ಆ ಕಾಲದಲ್ಲಿ ಉತ್ತರ ಸಾಕೋ ಸಾಲದೋ ಅಂತ ವಾದಿಸಬಹುದಿತ್ತು, ಸುಳ್ಳು ಅಂತ ಅಲ್ಲೇ ವಾದಿಸೋ ಹಾಗಿರಲಿಲ್ಲ. ಅದಕ್ಕೆ ಬೇರೆ ದಾವೆ ಹೂಡಬೇಕಿತ್ತು. ಈ ಕಟ್ಟು ಸಡಿಲವಾಗಿದ್ದು ಸುಮಾರು ನೂರು ವರ್ಷ ಆದಮೇಲೆ, ರಾಣಿ ಆನ್ ಕಾಲದ ಕಾಯ್ದೆಯಿಂದ.

ನಮ್ಮ ಕಡೆ ಕಷ್ಟ ಉಲ್ಟಾ. ‘ಕಡತ ಲಭ್ಯವಿಲ್ಲ’ ಅನ್ನೋದು ನಿಜವೇ ಇರಬಹುದು. ನಿಜವಾದ ಮಾತ್ರಕ್ಕೆ ಸಾಕಾ? ಆ ಕಡತ ಕಾಯಬೇಕಾಗಿದ್ದು ಕಚೇರಿ, ರೈತ ಅಲ್ಲ. ಕಳೆದವರು ಕಳೆದದ್ದನ್ನೇ ಕಾರಣವಾಗಿ ತೋರಿಸಿ, ನಷ್ಟ ಮಾತ್ರ ಇನ್ನೊಬ್ಬರ ತಲೆಗೆ ಕಟ್ಟೋದು ನನಗಂತೂ ನ್ಯಾಯ ಅನಿಸಲ್ಲ.

ಆ ಕಡೆಯವರ ಮಾತೂ ಕೇಳಬೇಕು. ಇವತ್ತಿನ ಕೇಸ್ ವರ್ಕರ್ ಹುಟ್ಟೋಕೆ ಮುಂಚೆಯೇ ಕಡತ ಹೋಗಿರಬಹುದು. ಏರ್‌ಪೋರ್ಟ್ ಬಂದಮೇಲೆ ಈ ಭಾಗದ ನೆಲದ ಬೆಲೆ ಗೊತ್ತಲ್ಲ, ನಕಲಿ ಸಾಗುವಳಿ ಚೀಟಿ ತರೋರೂ ಇದ್ದಾರೆ. ಕಣ್ಮುಚ್ಚಿ ಸಹಿ ಹಾಕಿದರೆ ನಾಳೆ ಲೋಕಾಯುಕ್ತ. ಹಾಗಾಗಿ ‘ಆಗಲ್ಲ’ ಅನ್ನೋದೂ ಉತ್ತರ ಆಗಬಹುದು. ಇಂಥದ್ದೇ ಕಾಗದ ಹಿಡಿದು ಅಲೆಯುತ್ತಿರೋ ನಮ್ಮಪ್ಪ (ಯಾವ ಕಚೇರಿ ಅನ್ನೋದು ಬೇಡ) ಕೇಳೋದೂ ಇಷ್ಟೇ: “ಇಲ್ಲ ಅಂದ್ರೆ ಇಲ್ಲ ಅನ್ಲಿ ಕಣೋ, ಎಲ್ಲೆಲ್ಲಿ ಹುಡುಕಿದ್ರು ಅಂತನಾದ್ರೂ ಬರೀಬಾರ್ದಾ?”

ನನ್ನ ಅಳತೆಗೋಲೂ ಅದೇ. ಯಾವ ರಿಜಿಸ್ಟರ್ ನೋಡಿದರು, ಮ್ಯುಟೇಶನ್, ಹಳೇ ಪಹಣಿ ಏನು ಹೇಳ್ತವೆ, ರೈತನ ಕೈಲಿರೋ ಚೀಟಿ ಯಾಕೆ ನಂಬಲಿಲ್ಲ, ಇನ್ನೇನು ತಂದುಕೊಡಬೇಕು. ಇಷ್ಟು ಬರೆದರೆ ಓದಿದವನು ‘ಇದು ತಪ್ಪು’ ಅಂತ ಬೆರಳಿಟ್ಟು ತೋರಿಸಬಹುದು. ಒಂದೇ ಸಾಲಿನ ಹಿಂಬರಹದಲ್ಲಿ ಬೆರಳಿಡೋಕೆ ಜಾಗವೇ ಇಲ್ಲ.

ಕೇಸು ಹೈಕೋರ್ಟಿಗೆ ಹೋದಮೇಲೆ ಆಕ್ಷೇಪಣೆಯಲ್ಲಿ ಇದ್ದಕ್ಕಿದ್ದಂತೆ ಹೊಸ ಕಾರಣ ಹುಟ್ಟಿಕೊಂಡರೆ? ಆದೇಶದಲ್ಲಿ ಬರೆಯದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ತುಂಬೋಕೆ ಬರಲ್ಲ ಅಂತ ಮೊಹಿಂದರ್ ಸಿಂಗ್ ಗಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿಯಾಗಿದೆ. ಆ ಕಾರಣಗಳನ್ನು ಮೊದಲ ದಿನವೇ ಬರೆದುಕೊಟ್ಟಿದ್ದರೆ ರೈತ ಒಂದೊಂದಕ್ಕೂ ಕಾಗದ ಹುಡುಕಿ ತರ್ತಿದ್ದ. ವಕೀಲರ ಫೀಸೂ ಉಳೀತಿತ್ತು.